ತಾಯಿಬೇರು ಕೀಳುವ ಕ್ಯಾಪ್ಸೂಲ್: ಬೆಳಗಾವಿಯ ಒಂದು ಕ್ಯಾನ್ಸರ್ ಸಲಹಾ ಕೇಂದ್ರದ ಸೇವೆಯ ವಿಮರ್ಶೆ

ಆಸ್ಪತ್ರೆಯೂ ಅಲ್ಲದ, ಔಷಧದ ಅಂಗಡಿಯೂ ಅಲ್ಲದ ಒಂದು ‘ಕ್ಯಾನ್ಸರ್ ಸಲಹಾ ಕೇಂದ್ರ’ದ ಸೇವೆಯನ್ನು ನಮ್ಮ ಕುಟುಂಬ ಬೆಳಗಾವಿಯಲ್ಲಿ ಹಣ ಕೊಟ್ಟು ಪಡೆಯಿತು. ಕ್ಯಾನ್ಸರಿನ ಕಾಂಡಕೋಶಗಳನ್ನು (ಸ್ಟೆಮ್ ಸೆಲ್), ಎಂದರೆ ಗೆಡ್ಡೆಯನ್ನು ಹೊಸದಾಗಿ ಹುಟ್ಟಿಸಬಲ್ಲ ಕೋಶಗಳನ್ನು, ಅವರದೇ ಮಾತಿನಲ್ಲಿ ‘ತಾಯಿಬೇರಿನ ಕೋಶ’ಗಳನ್ನು, ಹುಡುಕಿ ನಾಶಮಾಡಿ ಕಾಯಿಲೆ ಮರುಕಳಿಸದಂತೆ ಮಾಡುತ್ತೇವೆ ಎಂಬುದು ಅವರ ಮೂರು ತಿಂಗಳ ಪ್ಯಾಕೇಜಿನ ಭರವಸೆ. ಸಮಾಲೋಚನೆಗೆ 1,500, ರಕ್ತಪರೀಕ್ಷೆಗೆ 9,800, ಮೂರು ಡಬ್ಬಿ ಕ್ಯಾಪ್ಸೂಲಿಗೆ 18,600, ಒಟ್ಟು 29,900 ರೂಪಾಯಿ ಆಯಿತು. ಹಣ ವಾಪಸಾತಿಯ ವ್ಯವಹಾರ ಇನ್ನೂ ಮುಗಿದಿಲ್ಲವಾದ್ದರಿಂದ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ಬೇರೆ ಕಡೆಗೆ ಹೋಗುವವರಿಗೂ ಈ ಅನುಭವ ಉಪಯೋಗಕ್ಕೆ ಬಂದೀತು. ನಾನು ವೈದ್ಯನಲ್ಲ, ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು.

ರೋಗಿ ನನ್ನ ಅಕ್ಕನ ಗಂಡ. ಅಥಣಿ ತಾಲೂಕಿನಲ್ಲಿ ಕಬ್ಬು ಬೆಳೆಯುವ ಅವರು ಇಪ್ಪತ್ತು ವರ್ಷ ಗುಟಕಾ ಅಗಿದು, ಬಲಗಲ್ಲದ ಒಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕೊರಳಿನ ಗಂಟುಗಳಿಗೂ ಹರಡಿತ್ತು. ಆಪರೇಷನ್ ಆಯಿತು. ತೆಗೆದ ಭಾಗದ ವರದಿಯಲ್ಲಿ ಒಂದು ಗಂಟಿನ ಹೊರಪೊರೆಯನ್ನು ದಾಟಿ ರೋಗ ಹೊರಬಂದಿದೆ ಎಂದಿದ್ದುದರಿಂದ, ಆರು ವಾರದೊಳಗೆ ಕರೆಂಟ್ ಶುರುವಾಗಬೇಕು, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದಿನ ಸಲಾಯಿನ್ ಹಾಕಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ನಮ್ಮ ಕಡೆ ರೇಡಿಯೇಶನ್ನಿಗೆ ‘ಕರೆಂಟ್ ಕೊಡೂದು’ ಎನ್ನುತ್ತಾರೆ. ಆ ಹೆಸರೇ ಅರ್ಧ ಹೆದರಿಕೆಯನ್ನು ಹುಟ್ಟಿಸುತ್ತದೆ. ಆಪರೇಷನ್ ಆದ ಮೂರನೆಯ ವಾರದಲ್ಲಿ ನನ್ನ ಅಳಿಯ ಮೊಬೈಲಿನಲ್ಲಿ ಈ ಕೇಂದ್ರದ ಜಾಹೀರಾತು ನೋಡಿ, “ಮಾಮಾ, ಬುಡಾನ ಕೀಳ್ತಾರಂತ, ಒಮ್ಮಿ ಕೇಳಿ ಬರೂಣು” ಎಂದ.

ಮೊದಲು ಅವರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಜಾಗ ಚೊಕ್ಕಟವಾಗಿತ್ತು, ಹೇಳಿದ ಹೊತ್ತಿಗೆ ಒಳಗೆ ಕರೆದರು, ಮುಂಜಾನೆಯ ಬಸ್ಸಿಗೆ ಹೊರಟು ಬಂದಿದ್ದ ಅಕ್ಕ-ಭಾವನವರಿಗೆ ಕೇಳದೆಯೇ ಚಹಾ ಬಂತು, ಬಾಯಿ ಪೂರ್ತಿ ತೆರೆಯಲಾಗದ ಭಾವನವರಿಗೆ ಲೋಟದ ಜೊತೆ ಚಮಚವನ್ನೂ ತಂದಿಟ್ಟರು. ಸಲಹೆಗಾರರು ಐವತ್ತು ನಿಮಿಷ ಕೂತು, ಭಾವನವರ ಮುಖ ನೋಡಿಕೊಂಡು, ಒಂದೂ ಇಂಗ್ಲಿಷ್ ವಾಕ್ಯವಿಲ್ಲದೆ ಕನ್ನಡದಲ್ಲಿ ಮಾತನಾಡಿದರು. ಎರಡು ತಿಂಗಳ ಆಸ್ಪತ್ರೆಯ ಓಡಾಟದಲ್ಲಿ, ನಿನಗೆ ಏನಾಗಿದೆ ಎಂದು ಅವರಿಗೆ ಯಾರೂ ಇಷ್ಟು ಹೊತ್ತು ಹೇಳಿರಲಿಲ್ಲ. ಜನ ಇಂತಹ ಕಡೆಗೆ ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ನನಗೆ ಅಂದೇ ಉತ್ತರ ಸಿಕ್ಕಿತು.

ಅವರು ಹೇಳಿದ ಹೋಲಿಕೆ ಹೀಗಿತ್ತು. ಹೊಲದಲ್ಲಿ ಜೇಕು ಬೆಳೆದಾಗ ಮೇಲಿನ ಹುಲ್ಲನ್ನು ಕೊಯ್ದರೆ ಹೊಲ ಎರಡು ದಿನ ಸ್ವಚ್ಛವಾಗಿ ಕಾಣುತ್ತದೆ. ಮಣ್ಣಿನೊಳಗಿನ ಗಡ್ಡೆ ಉಳಿದಿರುವುದರಿಂದ ಮಳೆಯಾದ ಕೂಡಲೇ ಮತ್ತೆ ಚಿಗುರುತ್ತದೆ. ಕೀಮೋ, ಕರೆಂಟ್ ಎರಡೂ ಹುಲ್ಲು ಕೊಯ್ಯುವ ಕೆಲಸ. ನಮ್ಮದು ಗಡ್ಡೆ ಕೀಳುವ ಕೆಲಸ. ರೈತನಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ. ಮತ್ತು ಈ ಹೋಲಿಕೆಯ ಮೊದಲರ್ಧ ನಿಜವಾದ ವಿಜ್ಞಾನವೇ ಹೊರತು ಅವರು ಕಟ್ಟಿದ ಕತೆಯಲ್ಲ.

ಟೊರೊಂಟೊದ ಜಾನ್ ಡಿಕ್ ಅವರ ತಂಡ 1994ರಲ್ಲಿ ರಕ್ತದ ಕ್ಯಾನ್ಸರಿನ ಕೋಶಗಳನ್ನು ಅವುಗಳ ಮೇಲ್ಮೈಯ ಗುರುತುಗಳ ಪ್ರಕಾರ ಬೇರ್ಪಡಿಸಿ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಚುಚ್ಚಿತು. ಎಲ್ಲ ಕೋಶಗಳೂ ಹೊಸದಾಗಿ ರೋಗವನ್ನು ಹುಟ್ಟಿಸಲಿಲ್ಲ. ಬಹಳ ವಿರಳವಾದ ಒಂದು ಗುಂಪಿಗೆ ಮಾತ್ರ ಆ ಶಕ್ತಿ ಇತ್ತು. 2003ರಲ್ಲಿ ಮಿಷಿಗನ್ನಿನ ಮೈಕೆಲ್ ಕ್ಲಾರ್ಕ್ ಮತ್ತು ಮ್ಯಾಕ್ಸ್ ವಿಚಾ ಅವರ ತಂಡ ಸ್ತನದ ಕ್ಯಾನ್ಸರಿನಲ್ಲಿ ಇದನ್ನೇ ಕಂಡಿತು: ಗುರುತು ಹೊಂದುವ ಕೋಶಗಳಾದರೆ ನೂರು ಸಾಕು, ಗೆಡ್ಡೆ ಬೆಳೆಯುತ್ತದೆ, ಹೊಂದದಿದ್ದರೆ ಹತ್ತಾರು ಸಾವಿರ ಚುಚ್ಚಿದರೂ ಬೆಳೆಯುವುದಿಲ್ಲ. ಮರುವರ್ಷ ಮೆದುಳಿನ ಗೆಡ್ಡೆಯಲ್ಲಿ, 2007ರಲ್ಲಿ ದೊಡ್ಡ ಕರುಳಿನಲ್ಲಿ, ಅದೇ ವರ್ಷ ಭಾವನವರ ಕಾಯಿಲೆಯ ಬಳಗವೇ ಆದ ತಲೆ-ಕೊರಳಿನ ಕ್ಯಾನ್ಸರಿನಲ್ಲಿ ಇಂತಹ ಕೋಶಗಳ ವರದಿಗಳು ಬಂದವು. ಇವುಗಳಲ್ಲಿ ಬಹಳಷ್ಟು ನಿಧಾನವಾಗಿ ವಿಭಜನೆಯಾಗುತ್ತವೆ, ಆದ್ದರಿಂದ ವಿಭಜನೆಯ ಹೊತ್ತಿನಲ್ಲೇ ಹೊಡೆಯುವ ಕೀಮೋ ಮದ್ದುಗಳಿಗೆ ಸುಲಭವಾಗಿ ಸಿಗುವುದಿಲ್ಲ. ಒಳಬಂದ ಮದ್ದನ್ನು ಹೊರಗೆ ತಳ್ಳುವ ಪಂಪುಗಳು ಅವುಗಳ ಪೊರೆಯಲ್ಲಿ ಹೆಚ್ಚಾಗಿರುತ್ತವೆ. ಡಿಎನ್‌ಎಗೆ ಆದ ಗಾಯವನ್ನು ಬೇಗ ಹೊಲಿದುಕೊಳ್ಳುತ್ತವೆ. ಇಷ್ಟನ್ನೂ ಕೇಂದ್ರದವರು ಸರಿಯಾಗಿಯೇ ಹೇಳಿದರು. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಉತ್ತರ ಬರೆದಿದ್ದರೆ ಅಂಕ ಕೊಡುತ್ತಿದ್ದೆ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಹಿಡಿದವರು ಭಾವನವರು. ಕಾಗದದ ಮೇಲೆ ಬರೆದು ಮಾತನಾಡುವ ಅಭ್ಯಾಸ ಅವರಿಗೆ ಆಗ ಇನ್ನೂ ಆಗಿರಲಿಲ್ಲ, ತೊದಲುತ್ತಲೇ ಕೇಳಿದರು: “ಜೇಕ ಆದ್ರ ಗಡ್ಡಿ ತಗದ್ರ ಮುಗೀತ್ರಿ ಸಾಹೇಬ್ರ. ಕರಿಕಿ ಹಂಗಲ್ಲ, ಕಡದ ಒಗದ್ರೂ ಗಣ್ಣ ಗಣ್ಣಿಗೆ ಬೇರ ಬಿಡತೈತಿ. ಇದು ಜೇಕೋ, ಕರಿಕೀನೋ?” ಸಲಹೆಗಾರರು ನಕ್ಕು, “ಜೇಕೇ ರೀ” ಎಂದರು.

ಇದು ಅಷ್ಟು ಸರಳವಾಗಿ ನಕ್ಕು ದಾಟುವ ಪ್ರಶ್ನೆಯಾಗಿರಲಿಲ್ಲ. ಕಳೆದ ಹದಿನೈದು-ಇಪ್ಪತ್ತು ವರ್ಷಗಳಲ್ಲಿ ಈ ಸಂಶೋಧನೆ ಎಡವಿದ್ದು ಇದೇ ಕಲ್ಲಿಗೆ. 2008ರಲ್ಲಿ ಶಾನ್ ಮಾರಿಸನ್ ಅವರ ತಂಡ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಇನ್ನೂ ದುರ್ಬಲ ರೋಗನಿರೋಧಕ ವ್ಯವಸ್ಥೆಯ ಇಲಿಗಳಲ್ಲಿ ಇಟ್ಟು ನೋಡಿದಾಗ, ಲಕ್ಷಕ್ಕೊಂದರಂತೆ ವಿರಳ ಎಂದುಕೊಂಡಿದ್ದ ಗೆಡ್ಡೆ ಹುಟ್ಟಿಸುವ ಶಕ್ತಿ ಸುಮಾರು ನಾಲ್ಕು ಕೋಶಗಳಲ್ಲಿ ಒಂದಕ್ಕೆ ಇತ್ತು. ಎಂದರೆ ‘ತಾಯಿಬೇರು’ ಎಷ್ಟಿದೆ ಎಂಬ ಲೆಕ್ಕ ಕೆಲವು ಕ್ಯಾನ್ಸರುಗಳಲ್ಲಿ ನಾವು ಅಳೆಯುವ ವಿಧಾನದ ಮೇಲೂ ನಿಂತಿದೆ. ಇನ್ನೊಂದು ಸಂಗತಿ ಇದಕ್ಕಿಂತ ತೊಡಕಿನದು. 2017ರಲ್ಲಿ ಕರುಳಿನ ಕ್ಯಾನ್ಸರಿನ ಇಲಿಗಳಲ್ಲಿ ಎಲ್‌ಜಿಆರ್5 ಎಂಬ ಗುರುತುಳ್ಳ ಕಾಂಡಕೋಶಗಳನ್ನಷ್ಟೇ ಆರಿಸಿ ಕೊಂದರು. ಗೆಡ್ಡೆ ಕರಗಲಿಲ್ಲ, ಬೆಳವಣಿಗೆ ನಿಂತಿತು. ಕೊಲ್ಲುವುದನ್ನು ನಿಲ್ಲಿಸಿದ ಮೇಲೆ ಉಳಿದ ಸಾಧಾರಣ ಕೋಶಗಳೇ ಮತ್ತೆ ಕಾಂಡಕೋಶಗಳಾಗಿ ಮಾರ್ಪಟ್ಟು ಗೆಡ್ಡೆ ಬೆಳೆಯತೊಡಗಿತು. ಜೇಕಿನ ಗರಿ ಎಂದೂ ಗಡ್ಡೆಯಾಗಿ ತಿರುಗುವುದಿಲ್ಲ. ಕರಿಕೆಯ (ಗರಿಕೆ ಹುಲ್ಲಿನ) ತುಂಡು ಮಾತ್ರ ತಾನೇ ಬೇರಾಗುತ್ತದೆ. ಹೀಗಿರುವಾಗ ಗಡ್ಡೆಯನ್ನೊಂದೇ ಕಿತ್ತು ಹುಲ್ಲನ್ನು ಬಿಡುವ ಚಿಕಿತ್ಸೆಗೆ ಅರ್ಥವಿಲ್ಲ. ಎರಡನ್ನೂ ಒಟ್ಟಿಗೆ ತೆಗೆಯಬೇಕು, ಮತ್ತು ಸಂಶೋಧಕರು ಈಗ ಹುಡುಕುತ್ತಿರುವುದು ಸರ್ಜರಿ, ಕರೆಂಟ್, ಕೀಮೋಗಳ ಜೊತೆಗೆ ಸೇರಿಸಬಹುದಾದ ಮದ್ದನ್ನೇ ಹೊರತು ಅವುಗಳ ಬದಲಿಗೆ ಕೊಡುವುದನ್ನಲ್ಲ.

ಇನ್ನು ಅವರು ಮಾರಿದ ಸರಕು. ರಕ್ತಪರೀಕ್ಷೆಯ ವರದಿ ಹನ್ನೆರಡು ಪುಟದ ಬಣ್ಣದ ಪುಸ್ತಿಕೆಯಾಗಿ ಬಂತು. ಅದರಲ್ಲಿ ಸಿಡಿ44 ಎಂಬ ಗುರುತಿನ ಮಟ್ಟ ‘ಅಧಿಕ’ ಎಂದು ಕೆಂಪು ಬಾಣ ಹಾಕಿ, ಅದನ್ನೇ ತಾಯಿಬೇರಿನ ಕೋಶಗಳ ಲೆಕ್ಕ ಎಂದು ಓದಿ ಹೇಳಿದರು. ತಲೆ-ಕೊರಳಿನ ಕ್ಯಾನ್ಸರಿನ ಸಂಶೋಧನೆಯಲ್ಲಿ ಸಿಡಿ44 ನಿಜಕ್ಕೂ ಬಳಕೆಯಲ್ಲಿರುವ ಗುರುತು. ಆದರೆ ಅದು ಆರೋಗ್ಯವಂತರ ಬಾಯಿಯ ಒಳಪದರದ ಕೋಶಗಳಲ್ಲೂ, ಬಿಳಿ ರಕ್ತಕಣಗಳಲ್ಲೂ ಧಾರಾಳವಾಗಿರುತ್ತದೆ. ನನ್ನ ರಕ್ತವನ್ನು ಕೊಟ್ಟಿದ್ದರೂ ಸಿಡಿ44 ಸಿಗುತ್ತಿತ್ತು. ಇಷ್ಟು ಮಟ್ಟ ಇದ್ದರೆ ಇಂತಹ ಚಿಕಿತ್ಸೆ ಎಂದು ಬಾಯಿಯ ಕ್ಯಾನ್ಸರಿನ ಯಾವ ಮಾನ್ಯ ಚಿಕಿತ್ಸಾ ಕ್ರಮವೂ ಹೇಳುವುದಿಲ್ಲ. ಆ 9,800 ರೂಪಾಯಿಯಲ್ಲಿ ನಮಗೆ ಸಿಕ್ಕಿದ್ದು ಒಳ್ಳೆಯ ಮುದ್ರಣ ಮಾತ್ರ.

ಕ್ಯಾಪ್ಸೂಲಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದಾಗ ಅದರಲ್ಲಿದ್ದದ್ದು ಅರಿಸಿನದ ಕರ್ಕ್ಯುಮಿನ್ ಸತ್ವ ಮತ್ತು ಮೆಣಸಿನ ಪೈಪರಿನ್ ಎಂದು ತಿಳಿಯಿತು. ಡಬ್ಬಿಗೆ ಔಷಧ ತಯಾರಿಕೆಯ ಪರವಾನಗಿ ಇರಲಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಯ ಸಂಖ್ಯೆ ಇತ್ತು. ಎಂದರೆ ಕಾನೂನಿನ ಕಣ್ಣಿಗೆ ಅದು ಆಹಾರ. ಅರಿಸಿನ ನಮಗೆ ಹೊಸದಲ್ಲ. ರಾಯಬಾಗ, ಗೋಕಾಕ, ತೇರದಾಳದ ಕಡೆಯ ರೈತರು ಬೆಳೆದು ಸಾಂಗಲಿಯ ಪೇಟೆಗೆ ಕಳಿಸುತ್ತಾರೆ. ಭಾವನವರೇ ಕಬ್ಬಿಗೆ ನೀರು ಸಾಲದ ವರ್ಷಗಳಲ್ಲಿ ಅದರ ಲೆಕ್ಕ ಹಾಕಿದವರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಕರ್ಕ್ಯುಮಿನ್ ಸುರಿದರೆ ಕಾಂಡಕೋಶದ ಗುಣಗಳು ಕುಗ್ಗುತ್ತವೆ ಎಂದು ತೋರಿಸುವ ಪ್ರಬಂಧಗಳು ನಿಜವಾಗಿಯೂ ಇವೆ. ತೊಂದರೆ ಏನೆಂದರೆ, ಬಾಯಿಯಿಂದ ಸೇವಿಸಿದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕೊಟ್ಟು ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ತಟ್ಟೆಯಲ್ಲಿ ಬಳಸಿದ ಮಟ್ಟದ ಒಂದು ಚೂರು ಮಾತ್ರ. ಅದಕ್ಕಾಗಿಯೇ ಮೆಣಸಿನ ಸತ್ವ ಸೇರಿಸುತ್ತಾರೆ. ಆದರೆ ಪೈಪರಿನ್ ಬೇರೆ ಮದ್ದುಗಳನ್ನು ಯಕೃತ್ತು ಕರಗಿಸುವ ವೇಗವನ್ನೂ ಬದಲಿಸುತ್ತದೆ, ಮತ್ತು ಇಂತಹ ಸಾಂದ್ರ ಅರಿಸಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ರೋಗಿ ಈಗಾಗಲೇ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ ಎಂದು ಕೇಂದ್ರದಲ್ಲಿ ಯಾರೂ ಕೇಳಲಿಲ್ಲ. ಭಾವನವರಿಗೆ ಬಿಪಿಯ ಮತ್ತು ಸಕ್ಕರೆಯ ಗುಳಿಗೆಗಳಿದ್ದವು. ಸಾರಿನ ಅರಿಸಿನದ ಬಗ್ಗೆ ನನ್ನದೇನೂ ತಕರಾರಿಲ್ಲ.

ಹಾಗಾದರೆ ಕಾಂಡಕೋಶಗಳಿಗೆ ಗುರಿಯಿಡುವ ನಿಜವಾದ ಮದ್ದು ಯಾವುದೂ ಇಲ್ಲವೇ ಎಂದು ಅಳಿಯ ಕೇಳಿದ. ಇದ್ದಾವು, ಆದರೆ ಅವುಗಳ ಕತೆ ಪ್ಯಾಕೇಜಿನಷ್ಟು ಚೊಕ್ಕವಾಗಿಲ್ಲ. 2009ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 16,000 ರಾಸಾಯನಿಕಗಳನ್ನು ಜರಡಿ ಹಿಡಿದು, ಸ್ತನ ಕ್ಯಾನ್ಸರಿನ ಕಾಂಡಕೋಶಗಳನ್ನು ಆರಿಸಿ ಕೊಲ್ಲುವ ಸಾಲಿನೊಮೈಸಿನ್ ಅನ್ನು ಹೊರತೆಗೆದರು. ಅದು ಕೋಳಿ ಫಾರ್ಮಿನಲ್ಲಿ ಆಹಾರದ ಜೊತೆ ಬೆರೆಸುವ ಮದ್ದು. ಮನುಷ್ಯರಿಗೆ ವಿಷಕಾರಿ, ಇಂದಿಗೂ ಕ್ಯಾನ್ಸರ್ ಔಷಧವಾಗಿ ಬಂದಿಲ್ಲ. ಕಾಂಡಕೋಶಗಳು ಬಳಸುವ ಹೆಡ್ಜ್‌ಹಾಗ್ ಎಂಬ ಸಂಕೇತಮಾರ್ಗವನ್ನು (ಕೋಶದೊಳಗೆ ಸುದ್ದಿ ಸಾಗುವ ದಾರಿಯನ್ನು) ತಡೆಯುವ ವಿಸ್ಮೊಡೆಗಿಬ್ 2012ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು, ಆದರೆ ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಮಾತ್ರ. ಕರುಳಿನ ಕ್ಯಾನ್ಸರಿನಲ್ಲಿ ಪ್ರಯೋಜನ ಕಾಣಲಿಲ್ಲ. ನಾಪಬುಕಾಸಿನ್ ಎಂಬುದನ್ನು ಕಾಂಡಕೋಶದ ಗುಣವನ್ನೇ ಅಡಗಿಸುವ ಮದ್ದೆಂದು ಬಹಳ ನಿರೀಕ್ಷೆಯಿಂದ ಸಾವಿರಕ್ಕೂ ಹೆಚ್ಚು ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದರು; ಒಟ್ಟು ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಬಗ್ಗಿಸಿದೆ ಎಂಬ ಮಾತಿತ್ತು. 3,649 ಸ್ತನ ಕ್ಯಾನ್ಸರ್ ರೋಗಿಗಳ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾದಾಗ ಖಾಲಿ ಗುಳಿಗೆಗೂ ಅದಕ್ಕೂ ಮುಖ್ಯ ವ್ಯತ್ಯಾಸವಿರಲಿಲ್ಲ. ಭಾವನವರು ಅದನ್ನು ಎಂಟು ವರ್ಷದಿಂದ ನುಂಗುತ್ತಿದ್ದಾರೆ. ಇಷ್ಟೊಂದು ಸೋಲಿಗೆ ಒಂದು ದೊಡ್ಡ ಕಾರಣ, ನಮ್ಮ ಕರುಳು, ಕೂದಲು, ರಕ್ತ ದಿನವೂ ಹೊಸದಾಗುವುದು ಇವೇ ಸಂಕೇತಮಾರ್ಗಗಳನ್ನು ಬಳಸುವ ಒಳ್ಳೆಯ ಕಾಂಡಕೋಶಗಳಿಂದ. ಕಳೆಗೆ ಹೊಡೆದ ಎಣ್ಣೆ ಪೈರಿಗೂ ತಾಗುತ್ತದೆ.

ಗೆಲುವುಗಳಿಲ್ಲವೆಂದಲ್ಲ. ಪ್ರೊಮೈಲೋಸೈಟಿಕ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿನಲ್ಲಿ ವಿಟಮಿನ್ ಎ ಬಳಗದ ಒಂದು ಆಮ್ಲವನ್ನು ಶಾಂಘೈನ ವಾಂಗ್ ಝೆನ್‌ಯಿ ಅವರು 1980ರ ದಶಕದಲ್ಲಿ ಕೊಟ್ಟು, ಎಳೆಯದಾಗಿಯೇ ಉಳಿದಿದ್ದ ಕೋಶಗಳನ್ನು ಬಲಿಯುವಂತೆ ಮಾಡಿದರು. ಮುಂದೆ ಅದಕ್ಕೆ ಆರ್ಸೆನಿಕ್ ಸೇರಿಸಿದ ಮೇಲೆ ಅತಿ ಬೇಗ ಕೊಲ್ಲುತ್ತಿದ್ದ ಆ ರೋಗ ಬಹುಪಾಲು ಗುಣವಾಗುವ ರೋಗವಾಯಿತು. ಇನ್ನೊಂದು ಪಾಠ ಇಮ್ಯಾಟಿನಿಬ್‌ನದು. 2001ರಲ್ಲಿ ಬಂದ ಈ ಗುಳಿಗೆ ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯದವರನ್ನು ವರ್ಷಗಟ್ಟಲೆ ಬದುಕಿಸಿತು. ಪರೀಕ್ಷೆಯಲ್ಲಿ ರೋಗದ ಸುಳಿವೂ ಸಿಗದ ಸ್ಥಿತಿ ಎರಡು ವರ್ಷ ಮೀರಿದವರು ಗುಳಿಗೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಫ್ರಾನ್ಸಿನಲ್ಲಿ ನೋಡಿದಾಗ, ಹತ್ತರಲ್ಲಿ ಸುಮಾರು ಆರು ಜನರಲ್ಲಿ ರೋಗದ ಗುರುತು ಮರಳಿತು, ನಾಲ್ವರಲ್ಲಿ ಮರಳಲಿಲ್ಲ. ಅಡಗಿ ಮಲಗಿದ ಕೋಶಗಳಿದ್ದಾವೆ ಎಂಬುದಕ್ಕೆ ಇದು ಬಲವಾದ ಸೂಚನೆ. ಆದರೆ ಬಾಯಿಯ ಕ್ಯಾನ್ಸರಿಗೆ ಇಂತಹ ಮದ್ದು ಇಂದು ಯಾವ ಆಸ್ಪತ್ರೆಯ ಕಪಾಟಿನಲ್ಲೂ ಇಲ್ಲ. ಇದ್ದರೆ ಅದು ಕ್ಲಿನಿಕಲ್ ಟ್ರಯಲ್‌ನೊಳಗೆ, ಎಂದರೆ ಹೊಸ ಮದ್ದನ್ನು ರೋಗಿಗಳಲ್ಲಿ ಪರೀಕ್ಷಿಸುವ ಕ್ರಮದೊಳಗೆ, ಇರಬಹುದು.

ಟ್ರಯಲ್‌ನ ಮಾತು ಬಂದಿದ್ದರಿಂದ ಹೇಳುತ್ತೇನೆ. ಅಕ್ಕ ಹಣ ಎಣಿಸುವಾಗ ಹಿಂದೆಮುಂದೆ ನೋಡಿದಾಗ, ಇದು ‘ಸಂಶೋಧನಾ ಹಂತದ ವಿಶೇಷ ಚಿಕಿತ್ಸೆ’ ಎಂದು ಕೌಂಟರಿನಲ್ಲಿ ಹೇಳಿದರು. ನಮ್ಮ ದೇಶದಲ್ಲಿ ಹೊಸ ಔಷಧದ ಟ್ರಯಲ್ ಎಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ದೇಶದ ಟ್ರಯಲ್‌ಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಬೇಕು, ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರ ಬೇಕು. 2009ರಿಂದ ಆ ನೋಂದಣಿ ಕಡ್ಡಾಯವಾಗಿದೆ. ಪರೀಕ್ಷೆಯಲ್ಲಿರುವ ಮದ್ದಿಗೆ ರೋಗಿಯಿಂದ ಹಣ ಪಡೆಯುವುದು ಆ ಪದ್ಧತಿಯಲ್ಲ. ನಾನು ನೋಂದಣಿ ಸಂಖ್ಯೆ ಕೇಳಿದೆ, ಬಿಲ್ಲಿನ ಸಂಖ್ಯೆ ತೋರಿಸಿದರು. ಇನ್ನು ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಅದರ ಪಟ್ಟಿಯಲ್ಲಿ ಕ್ಯಾನ್ಸರ್ ಹೆಸರಿಟ್ಟೇ ಇದೆ. ಕೋಣೆಯ ಗೋಡೆಯ ಮೇಲೆ ‘ಸ್ಟೆಮ್ ಸೆಲ್ ಥೆರಪಿ’ ಎಂಬ ಹಲಗೆಯೂ ಇದ್ದು, ಮಂಡಿನೋವಿಗೆಂದು ಬಂದಿದ್ದ ಒಬ್ಬರು ನಮ್ಮ ಪಕ್ಕದಲ್ಲೇ ಕೂತಿದ್ದರು. ಕಾಂಡಕೋಶಗಳನ್ನು ದೇಹಕ್ಕೆ ಸೇರಿಸುವುದಕ್ಕೂ, ಕ್ಯಾನ್ಸರಿನ ಕಾಂಡಕೋಶಗಳನ್ನು ಕೊಲ್ಲುವುದಕ್ಕೂ ಹೆಸರಿನ ನಂಟಷ್ಟೇ ಇದೆ. ಎರಡನ್ನೂ ಒಂದೇ ಹಲಗೆಯ ಕೆಳಗೆ ಮಾರುವವರಿಗೆ ವ್ಯತ್ಯಾಸ ಗೊತ್ತಿಲ್ಲ ಎನ್ನುವುದಕ್ಕಿಂತ, ಗಿರಾಕಿಗೆ ಗೊತ್ತಾಗದಿರಲಿ ಎಂಬ ಆಸೆ ಇದೆ ಎಂದೇ ನನಗೆ ತೋರಿತು.

ಇಷ್ಟೆಲ್ಲವನ್ನೂ ನಾನು ಹಣ ಹೋಯಿತು ಎಂದು ನುಂಗಿಕೊಳ್ಳುತ್ತಿದ್ದೆ. ನುಂಗಲಾರದ್ದು ಅವರ ಕೊನೆಯ ಸಲಹೆ. “ಕರೆಂಟ್ ಕೊಟ್ರ ತಾಯಿಬೇರು ಇನ್ನೂ ಗಟ್ಟಿ ಆಗತಾವು. ಮೊದಲ ನಾಕ ವಾರ ನಮ್ಮ ಕ್ಯಾಪ್ಸೂಲ್ ತಗೊಂಡು ಅವನ್ನ ಮೆತ್ತಗ ಮಾಡ್ರಿ, ಆಮ್ಯಾಲ ಕರೆಂಟ್ ತಗೋರಿ” ಎಂದರು. ಇದರಲ್ಲಿಯೂ ಒಂದು ಕಾಳಿನಷ್ಟು ಸತ್ಯವಿದೆ: ಮೆದುಳಿನ ಗ್ಲಿಯೋಮ ಗೆಡ್ಡೆಯ ಕಾಂಡಕೋಶಗಳು ರೇಡಿಯೇಶನ್ನಿನ ಪೆಟ್ಟನ್ನು ಉಳಿದವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ ಎಂದು 2006ರಲ್ಲೇ ಕಂಡಿದ್ದಾರೆ. ಆದರೆ ತಡೆದುಕೊಳ್ಳುವ ಕೋಶಗಳಿವೆ ಎಂಬುದು ಕರೆಂಟನ್ನು ತಪ್ಪದೆ, ಪೂರ್ತಿ ಪ್ರಮಾಣದಲ್ಲಿ, ಹೊತ್ತಿಗೆ ಸರಿಯಾಗಿ ಕೊಡಬೇಕು ಎನ್ನುವುದಕ್ಕೆ ಕಾರಣವೇ ಹೊರತು ಮುಂದೂಡುವುದಕ್ಕಲ್ಲ. ಆಪರೇಷನ್ನಿನಲ್ಲಿ ಕಣ್ಣಿಗೆ ಕಾಣದೆ ಉಳಿದ ಕೋಶಗಳು ಕಾಯುತ್ತ ಕೂರುವುದಿಲ್ಲ; ಆರು ವಾರದ ಗಡುವು ಅದಕ್ಕಾಗಿಯೇ ಇರುವುದು. ನಾವು ಹೋಗಿದ್ದು ಮೂರನೆಯ ವಾರದಲ್ಲಿ. ಅವರ ಮಾತು ಕೇಳಿದ್ದರೆ ಏಳು ವಾರ ದಾಟುತ್ತಿತ್ತು.

ಅಂದು ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕರೆಂಟಿನ ಹೆದರಿಕೆ ದೊಡ್ಡದಿತ್ತು, ಕ್ಯಾಪ್ಸೂಲ್ ನುಂಗುವುದು ಸುಲಭವಿತ್ತು. ಒಂಬತ್ತು ದಿನ ದಿನಕ್ಕೆರಡರಂತೆ ನುಂಗಿದ ಮೇಲೆ, ಗಾಯ ತೋರಿಸಲು ಹೋದಾಗ ಆಸ್ಪತ್ರೆಯ ರೇಡಿಯೇಶನ್ ವಿಭಾಗದ ಡಾಕ್ಟರು ಡಬ್ಬಿ ನೋಡಿ ಪಕ್ಕಕ್ಕಿಟ್ಟು, ಭಾವನವರ ಹೊಲದ ಬಗ್ಗೆ ಎರಡು ಮಾತು ಕೇಳಿ, ಕುಳೆ ಕಬ್ಬಿನ ಹೋಲಿಕೆ ಹೇಳಿದರು: ಕಟಾವಾದ ಮೇಲೆ ಕುಳೆ ಚಿಗುರುವ ಮುನ್ನವೇ ನೇಗಿಲು ಹೊಡೆಯಬೇಕು, ಚಿಗುರಿದ ಮೇಲೆ ಕೆಲಸ ಎರಡು ಪಟ್ಟು. ಐದು ನಿಮಿಷವೂ ಆಗಲಿಲ್ಲ. ಭಾವನವರು ಹೂಂ ಎಂದರು. ಈ ಐದು ನಿಮಿಷ ಮೊದಲನೆಯ ದಿನವೇ ಸಿಕ್ಕಿದ್ದರೆ ನಾವು ಎರಡನೆಯ ಮಹಡಿಯ ಆ ಚೊಕ್ಕಟವಾದ ಕೋಣೆಯ ಮೆಟ್ಟಿಲು ಹತ್ತುತ್ತಿದ್ದೆವೋ ಇಲ್ಲವೋ.

ಆಪರೇಷನ್ ಆದ ಮೂವತ್ತೊಂಬತ್ತನೆಯ ದಿನ ಕರೆಂಟ್ ಶುರುವಾಯಿತು. ವಾರಕ್ಕೆ ಐದು ದಿನದಂತೆ ಮೂವತ್ತು ಸಲ ಮುಗಿಯಿತು. ಬಾಯಿ ಹುಣ್ಣಾಗಿ, ಗಂಜಿಯ ಮೇಲೆ ಬದುಕಿ, ಒಂಬತ್ತು ಕಿಲೋ ಇಳಿದರು, ಈಗ ಮೆತ್ತಗಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ಕಾಯಿಲೆ ಮರಳುತ್ತದೆಯೇ ಎಂದು ತಪಾಸಣೆಗೆ ಹೋಗುತ್ತಿದ್ದೇವೆ.

ಸೇವೆಗೆ ಅಂಕ ಕೊಡಬೇಕೆಂದರೆ, ಮಾತಿನ ಸೌಜನ್ಯಕ್ಕೆ ಐದಕ್ಕೆ ಐದು, ಪರೀಕ್ಷೆಗೆ ಮತ್ತು ಕ್ಯಾಪ್ಸೂಲಿಗೆ ಸೊನ್ನೆ, ಕರೆಂಟನ್ನು ಮುಂದೂಡಿರಿ ಎಂದ ಸಲಹೆಗೆ ಸೊನ್ನೆಗಿಂತ ಕೆಳಗೆ ಅಂಕವಿದ್ದರೆ ಅದು. ಯಾರಾದರೂ ಇಂತಹ ಕಡೆ ಹೋಗಲೇಬೇಕೆಂದಿದ್ದರೆ ಡಬ್ಬಿಯ ಮೇಲಿನ ಪರವಾನಗಿ ಯಾವುದು ಎಂದು ಮೊದಲು ನೋಡಿರಿ, ಡಬ್ಬಿಯನ್ನು ನಿಮ್ಮ ಡಾಕ್ಟರಿಗೆ ತೋರಿಸುವವರೆಗೆ ಒಡೆಯಬೇಡಿರಿ, ಮತ್ತು ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸು ಎಂದ ಕೂಡಲೇ ಎದ್ದು ಬನ್ನಿರಿ. ಮೂರು ಸಲ ಹೋಗಿ ಕೂತ ಮೇಲೆ ಒಡೆಯದ ಎರಡು ಡಬ್ಬಿಗಳ 12,400 ರೂಪಾಯಿ ವಾಪಸ್ ಬಂದಿದೆ. ಪರೀಕ್ಷೆಯ ಹಣ ಕೇಳಿ, ಬಿಲ್ಲಿನ ಜೆರಾಕ್ಸ್ ಲಗತ್ತಿಸಿ ಅಂಚೆಯಲ್ಲಿ ಪತ್ರ ಹಾಕಿದ್ದೇನೆ, ಉತ್ತರ ಬಂದಿಲ್ಲ. ಒಡೆದ ಡಬ್ಬಿಯಲ್ಲಿ ನಲವತ್ತೆರಡು ಕ್ಯಾಪ್ಸೂಲ್ ಉಳಿದಿವೆ. ದೂರು ಕೊಡುವ ಪ್ರಸಂಗ ಬಂದರೆ ಬೇಕಾಗುತ್ತದೆಂದು ಅಕ್ಕ ಅದನ್ನು ಬಿಲ್ಲಿನ ಜೊತೆ ಟ್ರಂಕಿನಲ್ಲಿಟ್ಟಿದ್ದಾಳೆ.